ಬೂದ್ಯಾನ ಸುಳಿ

ಎದುರು ಮನೆಯ ಸುನಂದಾ ಮೊನ್ನೆ ಭಾನುವಾರ ಬೆಳಿಗ್ಗೆ ಬಂದಾಗ ನಾನು ಟ್ರಂಕಿನೊಳಗೆ ಅರ್ಧ ಮುಳುಗಿದ್ದೆ. ಹುಡುಕುತ್ತಿದ್ದುದು ಹಳೆಯ ಸರ್ವಿಸ್ ಕಾಗದಗಳನ್ನು. ಸಿಕ್ಕಿದ್ದು ಒಂದು ಮೊಳ ಉದ್ದದ ಚಕ್ಕಳದ ಪಟ್ಟಿ, ಅದಕ್ಕೆ ಹೊಲಿದ ಐದು ಹಿತ್ತಾಳೆ ಗಂಟೆ. ಎತ್ತಿನ ಕೊರಳಿಗೆ ಕಟ್ಟುವ ಗಂಟೆಸರದ ತುಂಡು ಅದು. ಒಂದು ತುದಿಯಲ್ಲಿ ದಾರ ಪೋಣಿಸುವ ತೂತುಗಳಿವೆ. ಇನ್ನೊಂದು ತುದಿಯನ್ನು ಕತ್ತರಿಸಲಾಗಿದೆ. ನೇರವಾಗಿಯೂ ಇಲ್ಲ, ಸೊಟ್ಟ. ಮುದುಕರ ಕೈ ನಡುಗಿದರೆ ಹಾಗಾಗುತ್ತದೆ.

ಸುನಂದಾ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕಾಲೇಜು. ಚಿತ್ತಾಪುರದಲ್ಲಿ ನಾನು ಮಗ್ಗಿ ಕಲಿಸಿದ ಅರ್ಧ ಊರಿಗೆ ನಾನು ಸರ್ವಜ್ಞೆ ಎಂಬ ಭ್ರಮೆ ಇದೆ. ನಾನೂ ಅದನ್ನು ಕಳೆಯಲು ಹೋಗಿಲ್ಲ.

"ಟೀಚರ್, ನಿಮಗೊಂದು ಕೇಳ್ಬೇಕಾಗಿತ್ರಿ. ಹೈದರಾಬಾದಿನ್ಯಾಗ ನಮ್ಮ ಮಾಮಾನ ಮನಿ ನಾಯಿ ಮರಿ ಹಾಕ್ಯದ. ಗ್ರೇಟ್ ಡೇನ್ ಅಂತಾರಲ್ಲ, ಅದು. ಒಂದು ತರ್ಬೇಕಂತೀನಿ. ಅಪ್ಪ ಒಲ್ಲೆ ಅನ್ನಾಕತ್ತಾರ. ಆನಿ ಸಾಕದೂ ಒಂದೇ, ಅದನ್ನ ಸಾಕದೂ ಒಂದೇ ಅಂತಾರ. ನಿಮ್ಮನ್ಯಾಗ ಇತ್ತಂತಲ್ರಿ? ನೀವೇ ಹೇಳ್ರಿ, ನಮ್ಮ ಮನಿಗಿ ಹೊಂದತದೋ ಇಲ್ಲೋ?"

ಕೈಯಲ್ಲಿದ್ದ ಪಟ್ಟಿ ಅಲ್ಲಾಡಿ ಗಂಟೆಗಳು ಘಲ್ಲೆಂದವು. ನಾನು ಸುನಂದಾಳನ್ನು ಕೂಡಿಸಿ, ಚಹಾಕ್ಕೆ ಇಟ್ಟು, ಹೇಳಬೇಕಾದದ್ದನ್ನು ಬಿಟ್ಟು ಬೇರೆಯದೆಲ್ಲ ಹೇಳಿದೆ. ಹೇಳಬೇಕಾದದ್ದನ್ನು ಈಗ ನಿಮಗೆ ಹೇಳುತ್ತೇನೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ನಾಯಿಗಳ ಪಂಡಿತಳಲ್ಲ. ಸಣ್ಣ ನಾಯಿ ಕಂಡರೆ ಈಗಲೂ ಓಣಿ ಬದಲಿಸುವವಳು. ನನಗೆ ಗೊತ್ತಿರುವುದು ಒಂದೇ ನಾಯಿ, ಅದು ಕರುವಿನಷ್ಟು ಎತ್ತರವಿತ್ತು.

ಆಗ ನಾವು ಶಹಾಬಾದಿನಲ್ಲಿದ್ದೆವು. ನನಗೆ ಹತ್ತು ವರ್ಷ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕಾರು ವರ್ಷವಾಗಿತ್ತಷ್ಟೆ. ಉರ್ದುವಿನಲ್ಲಿ ಓದು ಮುಗಿಸಿದ್ದ ನಮ್ಮಪ್ಪ ಕನ್ನಡದ ಬೋರ್ಡು ಓದುವಾಗ ಇನ್ನೂ ಬಲಗಡೆಯಿಂದ ಶುರುಮಾಡಲು ಹೋಗಿ ತಡವರಿಸುತ್ತಿದ್ದ. ಸಿಮೆಂಟ್ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತ. ನಮಗೆ ಎರಡು ಖೋಲಿಯ ಕ್ವಾರ್ಟರ್ಸು. ಶಹಾಬಾದಿನ ಮನೆ ಎಂದರೆ ನೆಲವೂ ಕಲ್ಲು, ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ಕಂಪೌಂಡೂ ಎದೆಯೆತ್ತರದ ಫರ್ಸಿಗಳನ್ನು, ಅಂದರೆ ಕಲ್ಲುಹಾಸುಗಳನ್ನು, ಸಾಲಾಗಿ ನಿಲ್ಲಿಸಿದ್ದು. ಬೇಸಿಗೆಯಲ್ಲಿ ನಾವೆಲ್ಲ ಬರಿ ನೆಲಕ್ಕೆ ಬೆನ್ನು ಹಚ್ಚಿ ಮಲಗುತ್ತಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಫರ್ಸಿ ಗೊತ್ತಾಗಿರುತ್ತಿತ್ತು. ನನ್ನದರ ಮೇಲೆ ಎಲೆಯ ಆಕಾರದ ಕಂದು ಕಲೆಯೊಂದಿತ್ತು. ಅದರ ಮೇಲೆ ತಮ್ಮ ಕೂತರೆ ಜಗಳವೇ.

ಆ ವರ್ಷ ಸಂಕ್ರಾಂತಿ ಹೊತ್ತಿಗೆ ನಮ್ಮ ಮುತ್ಯಾ ಕುರಕುಂಟಾ ಬಿಟ್ಟು ನಮ್ಮಲ್ಲಿಗೆ ಬಂದ. ಅಪ್ಪನ ಅಪ್ಪ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತೇವೆ. ಮೊಣಕಾಲು ಹಿಡಿದುಕೊಂಡು ನೇಗಿಲ ಹಿಂದೆ ನಡೆಯಲಾಗದೆ, ಹೊಲ ಪಾಲಿಗೆ ಹಾಕಿ, ತನ್ನ ಜೋಡೆತ್ತು ಮಾರಿ ಬಂದಿದ್ದ. ಬರುವಾಗ ತಂದದ್ದು ಒಂದು ಕಂಬಳಿ, ಲಿಂಗಪೂಜೆಯ ಗಂಟು, ಮತ್ತು ಬಲಗಡೆ ಎತ್ತಿನ ಗಂಟೆಸರ. ಹನ್ನೊಂದು ಗಂಟೆಯದು. ಅದನ್ನು ಎತ್ತಿನ ಜೊತೆ ಕೊಟ್ಟಿರಲಿಲ್ಲ.

ನಮ್ಮ ಮುತ್ಯಾ ಸುಳಿ ನೋಡುವವನು. ಎತ್ತಿನ ಮೈಮೇಲೆ ಕೂದಲು ಅಲ್ಲಲ್ಲಿ ಸುತ್ತಿಕೊಂಡಿರುತ್ತದಲ್ಲ, ಅದೇ ಸುಳಿ. ಯಾವ ಸುಳಿ ಎಲ್ಲಿದ್ದರೆ ಮನೆಗೆ ಒಳ್ಳೆಯದು, ಎಲ್ಲಿದ್ದರೆ ಕೆಟ್ಟದ್ದು ಎಂದು ಅವನಿಗೆ ಬಾಯಿಪಾಠ. ಸುಲೇಪೇಟದ ಸಂತೆಗೆ ಎತ್ತು ಕೊಳ್ಳಲು ಹೋಗುವವರು ಮೊದಲು ಕುರಕುಂಟಾಕ್ಕೆ ಬಂದು ಅವನನ್ನು ಬಂಡಿಯಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದರು. ಒಮ್ಮೆ ಸ್ವಂತ ಮಾವನೇ ಕೊಡಿಸಲು ನಿಂತ ಎತ್ತು, ಬಿಳಿ ಎಂದರೆ ಹಾಲಿನ ಬಿಳಿ, ಕೊಂಬು ಬರೆದಿಟ್ಟ ಹಾಗೆ, ಅದರ ಹೆಗಲ ಹಿಂದೆ ಕೈಯಾಡಿಸಿ, "ಒಲ್ಲೆ" ಎಂದು ಟವೆಲು ಝಾಡಿಸಿಕೊಂಡು ಬಂದನಂತೆ. ಮಾವ ಎರಡು ವರ್ಷ ಮಾತು ಬಿಟ್ಟ. ಮುತ್ಯಾ ಜಗ್ಗಲಿಲ್ಲ. ಸುಳಿಯ ವಿಷಯದಲ್ಲಿ ಅವನು ದೇವರಿಗೂ ಸಡಿಲ ಬಿಡುವವನಲ್ಲ ಎಂದು ಅಪ್ಪ ಹೇಳುತ್ತಿದ್ದ.

ಇಂಥ ಮನುಷ್ಯ ಶಹಾಬಾದಿಗೆ ಬಂದು ಸುಮ್ಮನಾಗಿಬಿಟ್ಟ. ಬೆಳಿಗ್ಗೆ ಪೂಜೆ ಮುಗಿಸಿ ಅಂಗಳದಲ್ಲಿ ಕಂಪೌಂಡಿನ ಕಲ್ಲು ನೋಡುತ್ತ ಕುಳಿತರೆ ಬಿಸಿಲು ಬೆನ್ನಿಗೆ ಬರುವವರೆಗೆ ಕುಳಿತೇ ಇರುತ್ತಿದ್ದ. ಕೇಳಿದ್ದಕ್ಕೆ "ಹೂಂ", ಕೇಳದಿದ್ದರೆ ಅದೂ ಇಲ್ಲ. ಮೂರು ರೊಟ್ಟಿ ಉಣ್ಣುವವನು ಅರ್ಧಕ್ಕೆ ಬಂದ. ಕಾರಹುಣ್ಣಿಮೆ ದಿನ, ಊರವರೆಲ್ಲ ಎತ್ತು ಮೈತೊಳೆದು ಬಣ್ಣ ಹಚ್ಚಿ ಮೆರೆಸುವ ದಿನ, ಅವನು ಹುಣಸೆಹಣ್ಣು ಹಚ್ಚಿ ಹನ್ನೊಂದೂ ಗಂಟೆಯನ್ನು ಚಿನ್ನದ ಹಾಗೆ ತಿಕ್ಕಿದ. ತಿಕ್ಕಿ, ಗೂಟಕ್ಕೆ ತೂಗುಹಾಕಿ, ಅದರ ಕೆಳಗೆ ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟ. ಹೋಳಿಗೆ ಮುಟ್ಟಲಿಲ್ಲ.

"ಮಾವ ಹಿಂಗೇ ಆದ್ರ ಉಳ್ಯಂಗಿಲ್ರಿ," ಎಂದು ಅವ್ವ ಒಲೆಯ ಮುಂದೆ ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. ಅಪ್ಪ ಒಲೆಗೆ ಒಂದು ಕಟ್ಟಿಗೆ ದೂಡಿದ. ತಾನೇ ಹಟಮಾಡಿ ಕರೆತಂದವನು ಅವನು.

ಅದಾಗಿ ನಾಲ್ಕೇ ದಿನಕ್ಕೆ ನಾಯಿ ಬಂತು. ಹೊಸ ಭಟ್ಟಿ ಕೂಡಿಸಲು ಪರದೇಶದಿಂದ ಬಂದಿದ್ದ ಇಂಜಿನಿಯರ್ ಸಾಹೇಬ ಊರಿಗೆ ಹೊರಟಿದ್ದ. ಅವನ ನಾಯಿಯನ್ನು ಹಡಗಿನಲ್ಲಿ ಒಯ್ಯುವ ಹಾಗಿರಲಿಲ್ಲ. ಯಾರಾದರೂ ಒಳ್ಳೆಯ ಮನೆಯವರು ಇಟ್ಟುಕೊಂಡರೆ ಸರಿ, ಇಲ್ಲದಿದ್ದರೆ ಸೂಜಿ ಹಾಕಿಸಿ ಸಾಯಿಸಿ ಹೋಗುತ್ತೇನೆ, ಬೀದಿಪಾಲಾಗಲು ಬಿಡುವುದಿಲ್ಲ ಎಂದು ಅಪ್ಪನೆದುರು ಕಣ್ಣೀರು ಹಾಕಿದನಂತೆ. ನಮ್ಮಪ್ಪನಿಗೆ ಅಳುವವರ ಮುಂದೆ ಇಲ್ಲ ಎನ್ನಲು ಬರುವುದಿಲ್ಲ. ಹಾಗೆಂದು ಪೂರ್ತಿ ಹೂಂ ಎನ್ನುವ ಧೈರ್ಯವೂ ಇಲ್ಲ. ಕೊನೆಗೆ ತನಗೆ ಗೊತ್ತಿದ್ದ ಸಂತೆಯ ಪದ್ಧತಿಯನ್ನೇ ಹೇಳಿದ. ನಮ್ಮ ಕಡೆ ಎತ್ತು ಕೊಳ್ಳುವವರು ಎಂಟು ದಿನ ತಮ್ಮ ಅಂಗಳದಲ್ಲಿ ಕಟ್ಟಿ ನೋಡುವುದುಂಟು. ಹೊಂದಿದರೆ ಇಟ್ಟುಕೊಳ್ಳುವುದು, ಇಲ್ಲದಿದ್ದರೆ ಹಗ್ಗದ ಸಮೇತ ವಾಪಸು. ಸಾಹೇಬ ಒಪ್ಪಿದ. ಮುಂದಿನ ಭಾನುವಾರ ಅವನ ರೈಲು.

ಗೇಟಿನಲ್ಲಿ ಅದನ್ನು ನೋಡಿ ಅವ್ವ ಕೈಯಲ್ಲಿದ್ದ ಚೆಂಬು ಬಿಟ್ಟಳು. "ಯವ್ವಾ, ಇದು ನಾಯೇನ್ರಿ! ನಾಯಿ ಅಂದಿದ್ರಿ, ಹೋರಿ ಹೊಡ್ಕೊಂಡು ಬಂದೀರಲ್ಲ!"

ಬೂದಿ ಬಣ್ಣ. ನನ್ನ ಹೆಗಲಿಗೆ ಅದರ ಬೆನ್ನು. ಒಳಗೆ ಬಂದು ಅದು ಮಾಡಿದ ಮೊದಲ ಕೆಲಸ ನನ್ನ ಕಲೆಯ ಫರ್ಸಿಯ ಮೇಲೆ ಮಲಗಿದ್ದು. ಒಂದಕ್ಕೆ ಸಾಲಲಿಲ್ಲ. ಪಕ್ಕದ ತಮ್ಮನದೂ ಹೋಯಿತು, ಕಾಲು ಚಾಚಿದಾಗ ಅಪ್ಪನದೂ. "ಮೂರು ಫರ್ಸಿ," ಎಂದು ಅಪ್ಪ ಸ್ಟೋರಿನಲ್ಲಿ ಸಾಮಾನು ಬರೆದುಕೊಳ್ಳುವ ಧ್ವನಿಯಲ್ಲಿ ಹೇಳಿದ. ಸಾಹೇಬ ಅದಕ್ಕೇನೋ ರಾಜಮನೆತನದ ಹೆಸರಿಟ್ಟಿದ್ದ. ನಮ್ಮ ಬಾಯಲ್ಲಿ ಅದು ನಿಲ್ಲಲಿಲ್ಲ.

ಸಾಹೇಬ ಕೊಟ್ಟ ಕಾಗದದಲ್ಲಿ ದಿನಾ ಮಾಂಸ ಹಾಕಬೇಕೆಂದಿತ್ತು. ಲಿಂಗ ಕಟ್ಟಿದ ಮನೆ ನಮ್ಮದು, ತತ್ತಿಯೂ ಹೊಸ್ತಿಲು ದಾಟಿದ್ದಿಲ್ಲ. ಅವ್ವ ನುಚ್ಚು ಬೇಯಿಸಿ ಮಜ್ಜಿಗೆ ಕಲೆಸಿ ಇಟ್ಟಳು. ತಿಂದಿತು. ನಮ್ಮ ಆರು ರೊಟ್ಟಿ ಇಟ್ಟಳು. ತಿಂದಿತು. ತಿಂದು ಅವಳ ಮುಖವನ್ನೇ ನೋಡುತ್ತ ಕುಳಿತಿತು. ಗೋಡೆಯಾಚೆಯಿಂದ ಪಕ್ಕದ ಮನೆ ಖಾಲಾ ಇದನ್ನೆಲ್ಲ ನೋಡುತ್ತಿದ್ದಳು. ಖಾಲಾ ಎಂದರೆ ಮಹಬೂಬ್‌ಬಿ, ಅವ್ವನ ಜೀವದ ಗೆಳತಿ.

"ಅರೇ, ನೀ ಯಾಕ ಫಿಕರ್ ಮಾಡಾಕತ್ತೀ? ಹೊಟ್ಟಿಗಿ ನನ್ನ ಅಂಗಳದಾಗ ತಿಂತದ, ಮಲಗಾಕ ನಿನ್ನ ಮನಿಗಿ ಬರ್ತದ. ಬಾರೋ ರಾಜಾ!"

ಹಾಗೆಯೇ ನಡೆಯಿತು. ಖಾಲಾನ ಅಂಗಳದಲ್ಲಿ ಉಂಡು ಬಂದರೆ ಅವ್ವ ಹೊಸ್ತಿಲಲ್ಲಿ ಚೆಂಬು ಹಿಡಿದು ನಿಂತಿರುತ್ತಿದ್ದಳು. ಬಾಯಿ ತೊಳೆಸಿಕೊಳ್ಳದೆ ಒಳಗೆ ಪ್ರವೇಶವಿಲ್ಲ. ಮೂರನೆಯ ದಿನಕ್ಕೆ ಅದೇ ಬಂದು ಹೊಸ್ತಿಲಲ್ಲಿ ನಿಂತು ಮೂತಿ ಎತ್ತಿ ಕೊಡುತ್ತಿತ್ತು. ನನ್ನ ತಮ್ಮ ಇವತ್ತಿಗೂ ಅಷ್ಟು ಶಿಸ್ತು ಕಲಿತಿಲ್ಲ.

ಉಳಿದದ್ದೆಲ್ಲ ಅನಾಹುತ. ಬಾಲ ಆಡಿಸಿದರೆ ಅಡುಗೆ ಕಟ್ಟೆಯ ಮೇಲಿದ್ದ ತಾಟುಗಳು ಉರುಳುತ್ತಿದ್ದವು. ಜೊಲ್ಲು ಎಲ್ಲೆಂದರಲ್ಲಿ. ಪೋಸ್ಟಿನವನು ಗೇಟಿನ ಹೊರಗೆ ನಿಂತು ಕಾಗದಗಳನ್ನು ಗಾಳಿಗೆ ತೂರಿ ಓಡುತ್ತಿದ್ದ. ಅಪ್ಪ ಬುಧವಾರಕ್ಕೇ ನಿರ್ಧರಿಸಿಬಿಟ್ಟಿದ್ದ. "ನಮ್ಮಂಥೋರ ಮನಿಗಿ ಹೊಂದೋದಲ್ಲ ಇದು. ಪಾಪ ಖರೆ, ಆದ್ರ ಏನ್ ಮಾಡಾದು?"

ಮುತ್ಯಾ ಈ ಯಾವುದರಲ್ಲೂ ಇರಲಿಲ್ಲ. ಅಂಗಳದಲ್ಲಿ ಕಲ್ಲಿನ ಕಡೆ ಮುಖ ಮಾಡಿ ತನ್ನ ಪಾಡಿಗೆ ಕುಳಿತಿದ್ದ. ಗುರುವಾರ ಮಧ್ಯಾಹ್ನ ಖಣಿಯಲ್ಲಿ ಸುರಂಗ ಹಾರಿಸಿದರು. ಕಲ್ಲು ಸಿಡಿಸುವ ಮದ್ದಿನ ಸಪ್ಪಳ ನಮಗೆ ಊಟದ ಗಂಟೆ ಇದ್ದ ಹಾಗೆ. ಬುಧವಾರದವರೆಗೆ ಖಣಿಗೆ ರಜೆ ಇದ್ದುದರಿಂದ ನಾಯಿ ನಮ್ಮಲ್ಲಿಗೆ ಬಂದ ಮೇಲೆ ಅದೇ ಮೊದಲು. ಧಡ್ ಎಂದಿತು. ಕಪಾಟು ನಡುಗಿತು. ಕರುವಿನಷ್ಟು ಪ್ರಾಣಿ ಅಂಗಳಕ್ಕೆ ಹಾರಿ, ಮುತ್ಯಾನ ಧೋತರದೊಳಗೆ ತಲೆ ತುರುಕಿ, ಥರಥರ ನಡುಗುತ್ತ ನಿಂತಿತು. ಮುತ್ಯಾ ಕೈಕಾಲು ಮೇಲಾಗಿ ಬೀಳುವುದೊಂದು ಬಾಕಿ.

ಅವನ ಕೈ ತಾನಾಗಿಯೇ ಅದರ ಕೊರಳ ಕೆಳಗೆ ಹೋಯಿತು. ಎತ್ತಿನ ಗಂಗೆದೊಗಲು ಸವರುತ್ತಾರಲ್ಲ, ಹಾಗೆ.

"ಹೋ ಹೋ ಹೋ... ಎದಕ ಅಂಜತಿ ಮಗನ? ನಾ ಇದ್ದೀನಲ್ಲ. ಹೋ... ಸಾವ್ಕಾಶ, ಬೂದ್ಯಾ, ಸಾವ್ಕಾಶ..."

ಅವ್ವ ಬಾಗಿಲಲ್ಲಿ ನಿಂತವಳು ಸೆರಗು ಬಾಯಿಗೆ ಒತ್ತಿಕೊಂಡಳು. ಆರು ತಿಂಗಳಲ್ಲಿ ಮುತ್ಯಾ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅಂದು ಎರಡು ರೊಟ್ಟಿ ಉಂಡ. ಸಂಜೆ ಬೂದ್ಯಾನ ಹಗ್ಗ ಹಿಡಿದು ಕಾಗಿಣಾ ಹೊಳೆಯ ದಾರಿಯಲ್ಲಿ ಅಡ್ಡಾಡಿ ಬಂದ. ಮೊಣಕಾಲಿನ ನೋವನ್ನು ಎಲ್ಲಿಟ್ಟು ಹೋಗಿದ್ದನೋ. ಬಂದು ಕುಳಿತು, "ನಡಿಗಿ ಛಲೋ ಅದ. ಹಿಂದಿನ ಕಾಲು ಮುಂದಿನ ಹೆಜ್ಜಿ ಮ್ಯಾಲೇ ಬೀಳ್ತದ," ಎಂದು ಯಾರಿಗೂ ಅಲ್ಲದೆ ಹೇಳಿದ.

ಅವ್ವ ಪಕ್ಷ ಬದಲಿಸಿದಳು. "ಇರಲಿ ಬಿಡ್ರಿ" ಎಂದು ಅಪ್ಪನ ಬೆನ್ನು ಹತ್ತಿದಳು. ಅಪ್ಪ ಇಕ್ಕಟ್ಟಿಗೆ ಸಿಕ್ಕ. ಬೇಡವೆಂದರೆ ಹೆಂಡತಿ ಬಿಡಳು, ಬೇಕೆಂದರೆ ಮೂರು ಫರ್ಸಿ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಬುದ್ಧಿವಂತ ಉಪಾಯ ಎಂದು ಪಾಪ, ಅವನು ತಿಳಿದುಕೊಂಡಿದ್ದ.

ಶನಿವಾರ ಮುತ್ಯಾನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹೇಳಿದ: "ಯಪ್ಪಾ, ನಾಳಿಗಿ ಎಂಟು ದಿನ ಮುಗೀತು. ನೀನೇ ನೋಡು. ಹಲ್ಲು, ಸುಳಿ ಎಲ್ಲಾ ನೋಡು. ನೀ ಹೊಂದತದ ಅಂದ್ರ ಇರ್ತದ, ಒಲ್ಲೆ ಅಂದ್ರ ಹೋಗ್ತದ."

ಎಂಥ ಬಿಳಿ ಎತ್ತನ್ನೂ ಬಿಡದ ಮುದುಕ ಈ ನಾಯಿಯಲ್ಲಿ ಹತ್ತು ದೋಷ ಹುಡುಕುತ್ತಾನೆ, ತನ್ನ ಮೇಲೆ ಅಪವಾದ ಬರುವುದಿಲ್ಲ ಎಂಬುದು ಅಪ್ಪನ ಲೆಕ್ಕ. ನಾಯಿಗೆ ಎತ್ತಿನ ಸುಳಿಶಾಸ್ತ್ರ ಹಚ್ಚುವುದು ತಪ್ಪಲ್ಲವೇ ಎಂದು ನಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಅಷ್ಟು ಎತ್ತರದ ಪ್ರಾಣಿಯನ್ನು ನೋಡಲು ನಮಗೆ ಬೇರೆ ವಿದ್ಯೆಯೇ ಗೊತ್ತಿರಲಿಲ್ಲ.

ಮುತ್ಯಾ ಎದ್ದ. ಮುಖ ತೊಳೆದ, ವಿಭೂತಿ ಹಚ್ಚಿಕೊಂಡ, ರುಮಾಲು ಸುತ್ತಿದ. ಸಂತೆಗೆ ಹೋಗುವಾಗಿನ ರುಮಾಲು! ಅಂಗಳದಲ್ಲಿ ನಾವೆಲ್ಲ ನಿಂತೆವು, ಖಾಲಾ ಗೋಡೆಯ ಮೇಲಿಂದ. ಮೊದಲು ಬಾಯಿ ಬಿಡಿಸಿದ. "ಎತ್ತಿಗಿ ಮ್ಯಾಲ ಮುಂದಿನ ಹಲ್ಲಿರಂಗಿಲ್ಲ. ಇದಕ ಎರಡೂ ಕಡಿ ಅವ. ವಯಸ್ಸು ಹ್ಯಾಂಗ ಹೇಳ್ಬೇಕೋ ಮಾರಾಯ?" ಎಂದ. ಖಾಲಾ ನಕ್ಕಳು. ಗೊರಸು ನೋಡಲು ಹೋಗಿ ಪಂಜ ನೋಡಿದ. ಬೆನ್ನೆಲುಬಿನ ಮೇಲೆ ಹೆಬ್ಬೆರಳು ಒತ್ತಿಕೊಂಡು ಬಾಲದವರೆಗೆ ಹೋದ. ಹಣೆ, ಎದೆ, ಪಕ್ಕೆ. ಬೂದ್ಯಾ ಕಣ್ಣುಮುಚ್ಚಿ ನಿಂತಿದ್ದ.

ಬಲಹೆಗಲ ಹಿಂದೆ ಮುತ್ಯಾನ ಕೈ ನಿಂತಿತು.

ಮುಂದೆ ಹೋಯಿತು, ತಿರುಗಿ ಅಲ್ಲಿಗೇ ಬಂತು. ಬೆರಳು ಒಂದು ಸಣ್ಣ ಸುತ್ತು ಸುತ್ತಿತು. ನಾನು ಪಕ್ಕದಲ್ಲೇ ಇದ್ದೆ. ಅವನ ಮುಖದಲ್ಲಿ ಏನೋ ಬಂದು ಹೋಯಿತು. ಆಮೇಲೆ ಹೆಗಲ ಮೇಲಿದ್ದ ಟವೆಲು ತೆಗೆದು, ಬೆವರು ಒರೆಸುವವನ ಹಾಗೆ ಮುಖ ಒರೆಸಿಕೊಂಡು, ಅದನ್ನು ಬೂದ್ಯಾನ ಹೆಗಲ ಮೇಲೆ ಇಳಿಬಿಟ್ಟ.

"ಸುಳಿ ಶುದ್ಧ ಅವ. ಕಟ್ಕೋ," ಎಂದ.

ಅಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. "ಯಪ್ಪಾ, ಎಲ್ಲಾ ನೋಡಿದೇನು?"

"ನನಗ ಕಲಸ್ತೀಯೇನಲೇ? ಶುದ್ಧ ಅವ ಅಂದೆ."

ಒಳಗೆ ಹೋಗಿ ಗೂಟದಿಂದ ಗಂಟೆಸರ ತಂದ. ಬೂದ್ಯಾನ ಕೊರಳಿಗೆ ಹಿಡಿದು ನೋಡಿದರೆ ನೆಲಕ್ಕೆ ಬೀಳುವಷ್ಟು ಉದ್ದ. ಕುಡುಗೋಲು ತರಲು ಹೇಳಿದ. ಅವ್ವ "ಮಾವ, ಬ್ಯಾಡ್ರಿ, ಎತ್ತಿನದು ಅದು, ಇರಲಿ," ಎಂದಳು. ಕತ್ತರಿಸಿದರೆ ಅದು ಇನ್ಯಾವ ಎತ್ತಿನ ಕೊರಳಿಗೂ ಬಾರದು. ಮುತ್ಯಾಗೆ ಅದು ಗೊತ್ತಿರಲಿಲ್ಲವೆ? ಚಕ್ಕಳವನ್ನು ಫರ್ಸಿಯ ಮೇಲಿಟ್ಟು ಕುಡುಗೋಲು ಒತ್ತಿದ. ಆರು ಗಂಟೆ ಬೂದ್ಯಾನಿಗೆ ಹೋದವು. ಉಳಿದ ಐದನ್ನು ನನ್ನ ಕೈಗೆ ಕೊಟ್ಟ. ಭಾನುವಾರ ಸಾಹೇಬನ ರೈಲು ಹೋಯಿತು. ಬೂದ್ಯಾ ಉಳಿದ.

ಇಲ್ಲಿಗೆ ನಾನು ಸುನಂದಾಳಿಗೆ ಕಥೆ ನಿಲ್ಲಿಸಿದೆ. ನಿಮಗೆ ಮುಂದಿನದು.

ಬೂದ್ಯಾ ಬಂದಾಗಿನಿಂದ ಮುತ್ಯಾ ನನಗೂ ಸುಳಿ ಕಲಿಸತೊಡಗಿದ್ದ. ಓಣಿಯ ಆಕಳು, ಕಲ್ಲಿನ ಬಂಡಿಯ ಎತ್ತು, ಯಾವುದನ್ನೂ ಬಿಡುತ್ತಿರಲಿಲ್ಲ. ದಸರೆಯ ರಜೆಯಲ್ಲಿ ಒಂದು ಬೆಳಿಗ್ಗೆ ಬೂದ್ಯಾನ ಮೈಗೆ ಕುಸುಬೆ ಎಣ್ಣೆ ತಿಕ್ಕುತ್ತಿದ್ದೆ. ಬಲಹೆಗಲ ಹಿಂದೆ ನನ್ನ ಬೆರಳಿಗೆ ಅದು ಸಿಕ್ಕಿತು. ಚಾರಾಣೆ ಅಗಲದ ಪೂರ್ತಿ ಸುತ್ತು. ನನಗೆ ತಕ್ಷಣ ಸುಲೇಪೇಟದ ಬಿಳಿ ಎತ್ತು ನೆನಪಾಯಿತು.

"ಮುತ್ಯಾ! ಹೆಗಲ ಹಿಂದ ಸುಳಿ ಅದ!"

ಮುತ್ಯಾ ಅತ್ತಿತ್ತ ನೋಡಿದ. ಅವ್ವ ಒಳಗಿದ್ದಳು. "ಬಾಯಿ ಮುಚ್ಚು, ಮಾದಿ. ನನಗ ಗೊತ್ತದ."

"ನೀ ಶುದ್ಧ ಅವ ಅಂದಿದ್ದಿ?"

"ಅಂದೆ. ಸುಳ್ಳೇ ಅಂದೆ. ಜಲ್ಮದಾಗ ಒಂದೇ ಸಲ ಅಂದೀನಿ, ಹೋಗಲಿ."

"ಆ ಸುಳಿ ಇದ್ರ ಏನಾಗ್ತದ?"

ಅವನು ಹೇಳಬಾರದಿತ್ತು. ಹತ್ತು ವರ್ಷದವಳಿಗೆ ಹೇಳುವ ಮಾತಲ್ಲ ಅದು. ಆದರೆ ವಿದ್ಯೆ ಕಲಿಯುವವರಿಗೆ ಸುಳ್ಳು ಹೇಳುವುದು ಅವನ ಕೈಲಾಗಲಿಲ್ಲ ಎಂದು ಕಾಣುತ್ತದೆ. "ಕಟ್ಟಿದ ವರ್ಷದಾಗ ಮನಿ ಹಿರ್ಯಾಂವ ಎದ್ದು ಹೋಗ್ತಾನಂತ," ಎಂದ. ನಂತರ ನನ್ನ ಮುಖ ನೋಡಿ ನಕ್ಕ. "ಹಿರ್ಯಾಂವ ಯಾರು? ನಾನೇ. ಹ್ಯಾಂಗೂ ಹೋಗಾಂವ. ನಿಮ್ಮಪ್ಪಗೇನಿಲ್ಲ, ನಿನಗೇನಿಲ್ಲ. ಈ ಮೂಕಜೀವ ಉಳೀತು, ನಾನೂ ನಾಕು ದಿನ ನಕ್ಕೆ. ಇದರಾಗ ಲುಕ್ಸಾನ ಯಾರಿಗದ ಹೇಳು?"

ಯಾರಿಗೂ ಹೇಳುವುದಿಲ್ಲ ಎಂದು ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡ.

ಆಹಾ, ಆಮೇಲಿನ ನನ್ನ ವರ್ಷ! ಮುಂದಿನ ಕಾರಹುಣ್ಣಿಮೆಯವರೆಗೆ ಎಂಟು ತಿಂಗಳಿಗೂ ಹೆಚ್ಚು ಕಾಲ ಮುತ್ಯಾನನ್ನು ಸಾಯದಂತೆ ನೋಡಿಕೊಳ್ಳುವ ಕೆಲಸ ನನ್ನ ಮೇಲೆ ಬಿದ್ದಿತು. ನನ್ನ ಪಾಲಿನ ಹಾಲನ್ನು ಅವನ ಚೆಂಬಿಗೆ ಸುರಿದೆ. ಅವನು ಹೊಳೆಗೆ ಹೊರಟರೆ ನನಗೆ ಹೊಟ್ಟೆನೋವು ಬಂದು ಶಾಲೆ ತಪ್ಪುತ್ತಿತ್ತು. ಮಧ್ಯಾಹ್ನ ಮಲಗಿದರೆ ಎದೆ ಏರಿಳಿಯುತ್ತದೋ ಇಲ್ಲವೋ ಎಂದು ಪಕ್ಕದಲ್ಲಿ ಕುಳಿತು ನೋಡುತ್ತಿದ್ದೆ. ಒಮ್ಮೆ ಏರಿದ್ದು ಕಾಣದೆ ಕಿರುಚಿದೆ. ಅವನು ಗಾಬರಿಯಿಂದ ಎದ್ದು ಕುಳಿತು, ಆ ಗಾಬರಿಗೇ ಹೋಗಿಬಿಡುವುದಿತ್ತು. ಬೂದ್ಯಾನ ಹೆಗಲಿಗೆ ದಿನಾ ನೀರು ಹಚ್ಚಿ ನನ್ನ ಬಾಚಣಿಗೆಯಿಂದ ಸುಳಿಯನ್ನು ಬಿಡಿಸಿ ನೇರಮಾಡುತ್ತಿದ್ದೆ. ಒಣಗಿದೊಡನೆ ಅದು ತಿರುಗಿ ಸುತ್ತಿಕೊಳ್ಳುತ್ತಿತ್ತು. ನಾನು ಆ ವರ್ಷ ನಾಲ್ಕನೆಯ ಇಯತ್ತೆಯಲ್ಲಿ ಫೇಲಾದೆ. ಮಗ್ಗಿ ಕಲಿಸುವ ಟೀಚರು ಲೆಕ್ಕದಲ್ಲಿ ಫೇಲಾಗಿದ್ದಳೆಂದು ಚಿತ್ತಾಪುರದವರಿಗೆ ಇಂದು ಗೊತ್ತಾಗುತ್ತಿದೆ.

ಮುತ್ಯಾ ಮಾತ್ರ ದಿನೇ ದಿನೇ ತರುಣನಾಗುತ್ತಿದ್ದ. ಮೂರು ರೊಟ್ಟಿಗೆ ಬಂದ. ಖಾಲಾನ ಜೊತೆ ಗೋಡೆಯ ಮೇಲಿಂದ ಹರಟೆ ಶುರುವಾಯಿತು. ಪೋಸ್ಟಿನವನನ್ನು ಕರೆದು ಬೂದ್ಯಾನ ಜೊತೆ ರಾಜಿ ಮಾಡಿಸಿದ. ಮಧ್ಯಾಹ್ನ ಸುರಂಗ ಹಾರುವ ಹೊತ್ತಿಗೆ ಎಲ್ಲಿದ್ದರೂ ಮನೆಗೆ ಬಂದು ಅಂಗಳದಲ್ಲಿ ಕಾಲು ಚಾಚಿ ಕೂರುತ್ತಿದ್ದ, ತಲೆ ತುರುಕಲು ಬೂದ್ಯಾನಿಗೆ ಧೋತರ ಬೇಕಲ್ಲ.

ಕಾರಹುಣ್ಣಿಮೆ ಮತ್ತೆ ಬಂತು. ಮುತ್ಯಾ ಬೂದ್ಯಾನ ಮೈ ತೊಳೆದು, ಹಣೆಗೆ ಗುಲಾಲು ಹಚ್ಚಿ, ಆರು ಗಂಟೆ ಕಟ್ಟಿ ಓಣಿಯಲ್ಲಿ ಮೆರೆಸಿದ. ಎತ್ತುಗಳ ಸಾಲಿನಲ್ಲಿ ನಾಯಿ! ಜನ ಬಿದ್ದು ಬಿದ್ದು ನಕ್ಕರು. ಬೂದ್ಯಾ ಮಾತ್ರ ಹೋರಿಯ ಹಾಗೆ ಗಂಭೀರವಾಗಿ ನಡೆದ. ಇನ್ನೂ ನಾಲ್ಕು ದಿನ, ಮತ್ತೆ ಎಂಟು ದಿನ, ವರ್ಷ ತುಂಬಬೇಕಿತ್ತು. ತುಂಬಿದ ದಿನ ಬೆಳಿಗ್ಗೆ ಮುತ್ಯಾ ಹಲ್ಲುಜ್ಜುತ್ತ ನಿಂತಿದ್ದಾಗ ನಾನು ಓಡಿಹೋಗಿ ಅವನ ಕಾಲು ಹಿಡಿದು ಹೋ ಎಂದು ಅತ್ತೆ.

"ಎದಕ ಅಳ್ತಿ ಹುಚ್ಚಿ? ಇದ್ದೀನಲ್ಲ!" ಎಂದ. ಅವನಿಗೂ ದಿನದ ಎಣಿಕೆ ನೆನಪಿತ್ತು ಎಂದು ಆಗ ತಿಳಿಯಿತು. ಅವನೂ ಎಣಿಸುತ್ತಿದ್ದ.

ಆಮೇಲೆ ಆರು ವರ್ಷ ಬೂದ್ಯಾ ನಮ್ಮ ಮೂರು ಫರ್ಸಿಯಲ್ಲಿ ಬಾಳಿದ. ಅಷ್ಟು ದೊಡ್ಡ ನಾಯಿಗಳ ಆಯುಷ್ಯವೇ ಏಳೆಂಟು ವರ್ಷವಂತೆ. ಸಾಹೇಬನ ಕಾಗದದಲ್ಲಿ ಊಟದ ವಿಷಯವಿತ್ತು, ಸ್ನಾನದ್ದಿತ್ತು, ಇದೊಂದಿರಲಿಲ್ಲ. ಮೊದಲು ಹಿಂದಿನ ಕಾಲು ಸೋತವು. ಬಾಲ ಎತ್ತಲಾಗದೆ ತಾಟುಗಳು ಕಟ್ಟೆಯ ಮೇಲೇ ಉಳಿದವು. ಅವ್ವನಿಗೆ ಅದೇ ದೊಡ್ಡ ಸಂಕಟ. "ಒಂದು ತಾಟರ ಬೀಳ್ಸೋ ನನ್ನಪ್ಪಾ," ಎನ್ನುತ್ತಿದ್ದಳು. ಖಾಲಾ ಊಟವನ್ನು ನಮ್ಮ ಹೊಸ್ತಿಲವರೆಗೆ ತಂದಳು, ಅವ್ವ ಬೇಡ ಎನ್ನಲಿಲ್ಲ. ಮಾಘಮಾಸದ ಒಂದು ಮಧ್ಯಾಹ್ನ ಸುರಂಗ ಹಾರಿತು. ಬೂದ್ಯಾ ತಲೆ ಎತ್ತಲಿಲ್ಲ. ಮುತ್ಯಾನ ಧೋತರದ ಮೇಲೇ ಇತ್ತು ಅದು.

ಹೊಳೆಯ ದಾರಿಯಲ್ಲಿ ಬೇವಿನ ಗಿಡದ ಕೆಳಗೆ ಮಣ್ಣು ಮಾಡಿದೆವು. ಕೊರಳಿನ ಆರು ಗಂಟೆ ಬಿಚ್ಚಲು ಮುತ್ಯಾ ಬಿಡಲಿಲ್ಲ. ಎಲ್ಲರೂ ಹೊರಟ ಮೇಲೆ ನನ್ನನ್ನು ಹತ್ತಿರ ಕರೆದ. ಆಗ ನನಗೆ ಹದಿನೇಳು. ಅವನ ಕೈ ನನ್ನ ಹೆಗಲ ಮೇಲಿತ್ತು, ಭಾರ ಬಿಟ್ಟು.

"ಮಾದಿ, ಪಾಳಿ ನಂದಿತ್ತಲ್ಲ," ಎಂದ. "ಅದರ ಹೆಗಲ ಮ್ಯಾಲ ನನ್ನ ಹೆಸರು ಬರ್ಕೊಂಡು ಬಂದಿತ್ತು. ಒಯ್ಯಲಿಲ್ಲ ನೋಡು. ತಾನೇ ಹೋತು."

ಅವನು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅದಾಗಿ ನಾಲ್ಕು ವರ್ಷ ಇದ್ದ ಮುತ್ಯಾ. ಮಧ್ಯಾಹ್ನ ಸುರಂಗದ ಹೊತ್ತಿಗೆ ಅಂಗಳಕ್ಕೆ ಬಂದು ಕಾಲು ಚಾಚಿ ಕುಳಿತುಕೊಳ್ಳುವುದನ್ನು ಕೊನೆಯವರೆಗೂ ಬಿಡಲಿಲ್ಲ.

ಸುನಂದಾ ಕೊನೆಗೆ ಮರಿ ತಂದೇಬಿಟ್ಟಳು. ನಿನ್ನೆ ಸಂಜೆ ಅವಳ ಅಪ್ಪನೇ ಎತ್ತಿಕೊಂಡು ಬಂದರು. ಮೂರು ತಿಂಗಳ ಮರಿ, ಕಾಲುಗಳು ಮಾತ್ರ ಈಗಲೇ ದೊಡ್ಡವರದು. ಅವರ ಮುಖದಲ್ಲಿ ನಮ್ಮಪ್ಪನ ಮುಖವೇ ಕಂಡಿತು. "ಟೀಚರ್, ನಿಮ್ಮ ಮುತ್ಯಾ ಸುಳಿ ನೋಡ್ತಿದ್ರಂತಲ್ರಿ, ನಿಮಗೂ ಬರ್ತದಂತ. ಒಮ್ಮಿ ನೋಡ್ರಿ. ನೀವು ಬ್ಯಾಡ ಅಂದ್ರ ಇವತ್ತೇ ವಾಪಸ್ ಕಳಸ್ತೀನಿ."

ಅವರ ಹಿಂದೆ ಸುನಂದಾ ನಿಂತಿದ್ದಳು. ನಾನು ಮರಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡೆ. ಹಣೆ ನೋಡಿದೆ, ಎದೆ ನೋಡಿದೆ, ಪಕ್ಕೆ ನೋಡಿದೆ. ಕೈ ಬಲಹೆಗಲ ಹಿಂದಕ್ಕೆ ಹೋಯಿತು. ಅಲ್ಲಿ ನನ್ನ ಬೆರಳಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ನಿಮಗೂ ಹೇಳುವುದಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡೆ. ಪಕ್ಕದಲ್ಲಿದ್ದ ಐದು ಗಂಟೆಯ ತುಂಡನ್ನು ತೆಗೆದು ಮರಿಯ ಕೊರಳಿಗೆ ಹಿಡಿದೆ. ಸ್ವಲ್ಪ ಉದ್ದವಾಯಿತು. ಬೆಳೆಯುತ್ತದೆ.

"ಸುಳಿ ಶುದ್ಧ ಅವ," ಎಂದೆ. "ಕಟ್ಕೋರಿ."